ಶನಿವಾರದವರು

"ಗುರುವಾರ ರಕ್ತ ಕೊಟ್ಟವರು ಒಬ್ಬರೂ ಇಲ್ವಲ್ಲಮ್ಮಾ ನಿಮ್ಮ ಪಟ್ಟೀಲಿ! ಅವತ್ತು ನಾನೇ ಕೂತು ಹದಿಮೂರು ಜನರದ್ದು ತೆಗೆದಿದ್ದೀನಿ," ಎಂದು ಲ್ಯಾಬಿನ ಮೇಡಂ ಫೋನಿನಲ್ಲಿ ರೇಗಿದರು.

ಆಸ್ಪತ್ರೆಯ ಲ್ಯಾಬಿನ ಯಂತ್ರವೊಂದು ಸೋಮವಾರ ಹನ್ನೊಂದರಿಂದ ಗುರುವಾರ ಹದಿನಾಲ್ಕನೇ ತಾರೀಕಿನವರೆಗೆ ತಪ್ಪು ಅಂಕಿ ತೋರಿಸಿತ್ತು. ಆ ನಾಲ್ಕು ದಿನ ಬಂದವರನ್ನೆಲ್ಲ ಮತ್ತೆ ಕರೆಸಬೇಕು. ಆಸ್ಪತ್ರೆಯ ಸರ್ವರ್‌ಗೆ ತಾರೀಕು ಕೊಟ್ಟು ಹೆಸರುಗಳನ್ನು ತರಿಸುವ ಪ್ರೋಗ್ರಾಂ ಬರೆದವಳು ಪುಟ್ಟಿ. ನಲವತ್ತು ದಾಟಿದರೂ ಅಣ್ಣನಿಗೆ ಅವಳು ಪುಟ್ಟಿಯೇ. ಅಣ್ಣ ನಡೆಸುತ್ತಿದ್ದ ಆ ಎರಡು ಕೋಣೆಯ ಆಫೀಸಿನಲ್ಲಿ ಎಲ್ಲರಿಗೂ ಅದೇ ರೂಢಿಯಾಗಿಬಿಟ್ಟಿತ್ತು.

"ಹತ್ತು ನಿಮಿಷ ಕೊಡಿ ಮೇಡಂ," ಎಂದು ಫೋನಿಟ್ಟು, ಕಾಲು ಅಲ್ಲಾಡಿಸುತ್ತ ಕೂತಳು. ಹನ್ನೊಂದರಿಂದ ಹದಿನಾಲ್ಕರವರೆಗೆ ಎಂದು ಕೇಳಿದರೆ ಅದೇ ನಲವತ್ತೆಂಟು ಹೆಸರು. ತಾರೀಕು ಬರೆಯುವ ರೀತಿ ಬದಲಿಸಿದಳು, ನಲವತ್ತೆಂಟೇ. ಬರೀ ಗುರುವಾರ ಸಾಕು, ಹದಿನಾಲ್ಕರಿಂದ ಹದಿನಾಲ್ಕರವರೆಗೆ ಎಂದು ಕೇಳಿದರೆ ಖಾಲಿ. 'ತಪ್ಪು ಅಂತಾದರೂ ಬೊಗಳಬಾರದೆ!' ಎಂದು ಗೊಣಗುತ್ತ ಎದ್ದು ಕಿಟಕಿಯವರೆಗೆ ಹೋದಳು, ವಾಪಸು ಬಂದಳು, ನಿಂತುಕೊಂಡೇ ಕೊನೆಯ ತಾರೀಕನ್ನು ಹದಿನೈದು ಮಾಡಿದಳು. ಹದಿಮೂರು ಹೆಸರು ದಬದಬನೆ ಉದುರಿದವು.

ಆಗ ಹೊಳೆಯಿತು. ಹೊತ್ತು ಹೇಳದೆ ಬರೀ ತಾರೀಕು ಕೊಟ್ಟರೆ ಸರ್ವರ್ ಅದನ್ನು ಆ ದಿನದ ಸೊನ್ನೆ ಗಂಟೆ ಎಂದುಕೊಳ್ಳುತ್ತಿತ್ತು. ಹದಿನಾಲ್ಕರವರೆಗೆ ಎಂದರೆ ಅವಳ ಲೆಕ್ಕದಲ್ಲಿ ಆ ದಿನ ಮುಗಿಯುವವರೆಗೆ. ಅದರ ಲೆಕ್ಕದಲ್ಲಿ ಹುಟ್ಟುವವರೆಗೆ. 'ಹದಿನೈದಕ್ಕೆ ಮೊದಲು' ಎಂದು ತಿದ್ದಿ ಪಟ್ಟಿ ಕಳಿಸಿದಳು. ಮೇಡಂಗೆ ಸಮಾಧಾನವಾಯಿತು.

ಪುಟ್ಟಿಗೆ ಸಮಾಧಾನವಾಗಲಿಲ್ಲ. ಕೂತರೆ ಏಳಬೇಕೆನಿಸಿತು, ಎದ್ದರೆ ಕೂರಬೇಕೆನಿಸಿತು. ಫಲಿತಾಂಶ ಸರಿಯಿಲ್ಲದವರಿಗೆ ಫೋನ್ ಮಾಡಿ ಕರೆಸಲು ವಾರವಾರವೂ ಪಟ್ಟಿ ಕೊಡುತ್ತಿದ್ದದ್ದು ಇದೇ ಪ್ರೋಗ್ರಾಂ. ಭಾನುವಾರದಿಂದ ಶನಿವಾರದವರೆಗೆ. ಎರಡು ವರ್ಷದಿಂದ.

ಆ ಪಟ್ಟಿಗಳಿಂದ ಜಾರಿಹೋದ ಶನಿವಾರಗಳನ್ನು ಮಾತ್ರ ಕೇಳಿದಳು. ತಾವಾಗಿಯೇ ಮತ್ತೆ ಬಂದವರನ್ನು ಬಿಟ್ಟು ಉಳಿದವರು ಎಂಬತ್ತೇಳು ಜನ.

ಅಣ್ಣ ಪರದೆಯನ್ನು ನೋಡಿದ. ಬಾಗಿಲು ಮುಂದೆ ಮಾಡಿ ಬಂದ.

"ಸರಿ ಮಾಡಿದ್ಯಲ್ಲ, ಇನ್ಮೇಲೆ ತಪ್ಪಾಗಲ್ಲ. ಹಳೇದನ್ನ ಯಾಕೆ ಕೆದಕ್ತೀಯ? ಬರೋ ವಾರ ಆಸ್ಪತ್ರೆಯವರು ಹೊಸ ಒಪ್ಪಂದಕ್ಕೆ ಸಹಿ ಹಾಕ್ಬೇಕು."

"ತೊಂದರೆ ಇದ್ರೆ ಫೋನ್ ಮಾಡ್ತೀವಿ ಅಂತ ಇವರಿಗೆ ಹೇಳಿ ಕಳಿಸಿರ್ತಾರೆ ಅಣ್ಣಾ. ಫೋನ್ ಬರ್ಲಿಲ್ಲ, ಎಲ್ಲ ಚೆನ್ನಾಗಿದೆ ಅಂತ ನಿಶ್ಚಿಂತೆಯಾಗಿದ್ದಾರೆ."

"ನಿನ್ನ ಹೆಸರು ಕೆಡುತ್ತೆ. ನಂದೂ."

"ಕೆಡ್ಲಿ."

ಅಣ್ಣ ಮೇಜಿನ ಖಾನೆ ಎಳೆದು ಏನೋ ಹುಡುಕತೊಡಗಿದ. ಧೈರ್ಯ ಜಾರುವ ಮೊದಲೇ ಪುಟ್ಟಿ ಮೇಡಂಗೆ ಫೋನ್ ಮಾಡಿ, ಉಸಿರು ಬಿಡದೆ ಎಲ್ಲವನ್ನೂ ಹೇಳಿಬಿಟ್ಟಳು.

"ನಿಮಗೆ ಬೈಯೋಕೆ ಈಗ ಪುರುಸೊತ್ತಿಲ್ಲ," ಎಂದರು ಮೇಡಂ. "ಪಟ್ಟಿ ಕಳಿಸಿ. ಮೇಲಿನ ಅರ್ಧ ನಮಗೆ, ಕೆಳಗಿನ ಅರ್ಧ ನಿಮಗೆ. ಹೆದರಿಸಬೇಡಿ, ನಾಳೆ ಬೆಳಿಗ್ಗೆ ಬಂದು ಡಾಕ್ಟರನ್ನ ನೋಡಿ ಅಂತ ಹೇಳಿ, ಅಷ್ಟೇ."

ಕೆಳಗಿನ ಅರ್ಧ ಎರಡು ಹಾಳೆಗಳಲ್ಲಿ ಪ್ರಿಂಟಾಗಿ ಬಂತು. ಅಣ್ಣ ಕುರ್ಚಿ ಎಳೆದುಕೊಂಡು ಕೂತು, ಒಂದನ್ನು ತನ್ನ ಕಡೆ ಸರಿಸಿಕೊಂಡ.

ಪುಟ್ಟಿ ಒತ್ತಿದ ಮೊದಲ ನಂಬರು ಚಾಲ್ತಿಯಲ್ಲಿರಲಿಲ್ಲ. ಎರಡನೆಯದು ಬಹಳ ಹೊತ್ತು ರಿಂಗಾಯಿತು. ಒಬ್ಬ ಹೆಂಗಸು ಎತ್ತಿಕೊಂಡಳು. ಪುಟ್ಟಿ ಹಾಳೆಯಲ್ಲಿದ್ದ ಹೆಸರು ಹೇಳಿ, ಇದ್ದಾರೆಯೇ ಎಂದು ಕೇಳಿದಳು.

"ಅತ್ತೇನಾ? ಮಹಡಿ ಮೇಲೆ ಬಟ್ಟೆ ಒಣಹಾಕ್ತಿದ್ದಾರೆ. ಇರಿ, ಕರೀತೀನಿ."

ಫೋನನ್ನು ಎಲ್ಲೋ ಮರದ ಮೇಲಿಟ್ಟ ಸದ್ದಾಯಿತು. ದೂರದಲ್ಲಿ ಯಾರೋ ಯಾರನ್ನೋ ಕೂಗಿದರು. ಆಮೇಲೆ ಚಪ್ಪಲಿಯ ಸದ್ದು, ಒಂದೊಂದೇ ಮೆಟ್ಟಿಲು ಇಳಿಯುತ್ತ, ನಡುವೆ ಒಮ್ಮೆ ನಿಂತು, ಮತ್ತೆ ಇಳಿಯತೊಡಗಿತು.