ದಾನಕ್ಕಿಟ್ಟ ಕಾಲಾಳು

ನಾನೊಂದು ಕಾಲಾಳು. ಚದುರಂಗದ ಮಣೆಯ ಮೇಲೆ ಬಿಳಿಯ ಪಡೆಯಲ್ಲಿ ನಿಲ್ಲುವ ಎಂಟು ಜನರಲ್ಲಿ ಒಬ್ಬ. ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಹಾಲೆ ಮರದ ತುಂಡೊಂದರಿಂದ. ತಿರುಗುವ ಯಂತ್ರಕ್ಕೆ ನನ್ನನ್ನು ಸಿಕ್ಕಿಸಿ ಉಳಿ ಹಿಡಿದವರು ಬುಡನ್ ಸಾಬರೆಂಬ ಮುದುಕರು. ನನಗಿಂತ ಮುಂಚೆ ಏಳು ಜನ ಅಣ್ಣಂದಿರು ಅಚ್ಚುಕಟ್ಟಾಗಿ ಇಳಿದುಬಂದಿದ್ದರು. ನನ್ನ ಸರದಿಗೆ ಯಾರೋ ಬಾಗಿಲಲ್ಲಿ ಕೂಗಿದರು, ಸಾಬರು ತಲೆಯೆತ್ತಿದರು, ಉಳಿ ಕೂದಲೆಳೆಯಷ್ಟು ಹೆಚ್ಚಿಗೆ ಒಳಗೆ ಹೋಯಿತು. ನನ್ನ ಕತ್ತು ಸಣ್ಣದಾಯಿತು.

"ಇರ್ಲಿ ಬಿಡು. ಮುಂದೆ ನಿಂತು ಸಾಯೋನಿಗೆ ಕತ್ತು ದಪ್ಪ ಇದ್ರೇನು, ಸಣ್ಣ ಇದ್ರೇನು" ಎಂದು ಸಾಬರು ನಕ್ಕರು. ಅರಗು ಹಚ್ಚಿ, ಕೇದಗೆ ಗರಿಯಿಂದ ಉಜ್ಜಿ ಹೊಳಪು ಕೊಟ್ಟರು. ಮೂವತ್ತೊಂದು ಜನರ ಜೊತೆ ನಾನೂ ಪೆಟ್ಟಿಗೆ ಸೇರಿದೆ.

ನಮ್ಮನ್ನು ಕೊಂಡವರು ಅರಸೀಕೆರೆಯ ರಂಗಧಾಮಯ್ಯನವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಅವರ ಕೆಲಸ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ತುಂಗಮ್ಮನಿಗೆ ಚದುರಂಗವೆಂದರೆ ಪ್ರಾಣವೆಂದು ತಿಳಿದು, ಸೀರೆಯ ಬದಲು ನಮ್ಮನ್ನು ತಂದುಕೊಟ್ಟರು. ಆಕೆ ಆಟ ಕಲಿತದ್ದು ತಾಯಿಯ ತಂದೆಯಿಂದ. ಕುಂಕುಮ ಹಚ್ಚಿ ಪೆಟ್ಟಿಗೆ ತೆರೆದ ಆಕೆ ಒಬ್ಬೊಬ್ಬರನ್ನೇ ಎತ್ತಿ ನೋಡಿದಳು. ನನ್ನ ಕತ್ತಿನ ಮೇಲೆ ಬೆರಳಾಡಿಸಿದಳು.

"ರೀ, ಇವನು ಬೇರೆ ಥರಾ ಇದಾನೆ. ಇವನನ್ನ ದಾನಕ್ಕಿಡೋಣ."

"ದಾನಕ್ಕೆ ಅಂದ್ರೆ?"

"ಕೂತ್ಕೊಳ್ಳಿ, ತೋರಿಸ್ತೀನಿ."

ರಾಜನ ಪಕ್ಕದಲ್ಲಿ ಒಂಟೆ ನಿಲ್ಲುತ್ತದೆ. ಆ ಒಂಟೆಯ ಮುಂದಿನ ಮನೆ ಅಂದಿನಿಂದ ನನ್ನದಾಯಿತು. ಮೊದಲು ರಾಜನ ಮುಂದಿನ ಕಾಲಾಳು ಎರಡು ಮನೆ ನಡೆಯುತ್ತಾನೆ. ಎದುರಿನವರೂ ಹಾಗೆಯೇ ನಡೆಸುತ್ತಾರೆ. ಎರಡನೆಯ ನಡೆಗೆ ನನ್ನ ಸರದಿ. ತುಂಗಮ್ಮ ಎರಡು ಬೆರಳಿನಿಂದ ನನ್ನ ತಲೆ ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡು, "ಕೃಷ್ಣಾರ್ಪಣ" ಎಂದು ನನ್ನನ್ನು ಎರಡು ಮನೆ ಮುಂದೆ ಸರಿಸುತ್ತಿದ್ದಳು. ಅಲ್ಲಿ ನನಗೆ ಕಾವಲಿಲ್ಲ. ಕಪ್ಪು ಕಾಲಾಳು ಬಂದು ನನ್ನನ್ನು ಹೊಡೆಯಬಹುದು. ಹೊಡೆಯಲೆಂದೇ ಇಡುವುದು. ತಾತ ಆಕೆಗೆ ಕಲಿಸಿದ್ದ ದಾನದ ಆಟ ಅದೇ.

ರಂಗಧಾಮಯ್ಯ ಆಗ ಎಳಸು ಆಟಗಾರ. ಬಿಟ್ಟಿ ಸಿಕ್ಕಿತೆಂದು ಹಿಗ್ಗಿ ನನ್ನನ್ನು ಎತ್ತಿ ಮಣೆಯ ಪಕ್ಕಕ್ಕಿಟ್ಟರು. ನಾನು ಬಿಟ್ಟ ದಾರಿಯಲ್ಲಿ ಆಕೆಯ ಪಡೆ ನುಗ್ಗಿ, ಹತ್ತು ನಡೆಯೊಳಗೆ ಅವರ ರಾಜ ದಿಕ್ಕಿಲ್ಲದೆ ನಿಂತ. ಮತ್ತೆ ಆಡಿದರು, ಮತ್ತೆ ಹೊಡೆದರು, ಮತ್ತೆ ಸೋತರು. ಅಕ್ಕಪಕ್ಕದ ಮನೆಯವರು ಬಂದರೂ ಅದೇ ಕಥೆ. ಹೊಸಬರು ಹತ್ತು ಜನ ಕೂತರೆ ಹತ್ತೂ ಜನ ನನ್ನ ಆಸೆಗೆ ಬಿದ್ದು, ಒಂಬತ್ತು ಜನ ಕೆಡುತ್ತಿದ್ದರು.

"ಏನೇ ಇದು, ಒಂದು ಕಾಲಾಳು ಕೊಟ್ಟು ಇಡೀ ರಾಜ್ಯ ಕಿತ್ಕೊಳ್ತೀಯಲ್ಲ!"

"ನಾನೆಲ್ಲಿ ಕಿತ್ಕೊಂಡೆ? ನೀವು ತಗೊಂಡ್ರಿ, ಅಷ್ಟೆ. ತಗೊಂಡಿದ್ದನ್ನ ಜೀರ್ಣಿಸ್ಕೊಳ್ಳೋಕೆ ಬರ್ಬೇಕು" ಎಂದು ಆಕೆ ನಗುತ್ತಿದ್ದಳು.

ಗೆಲುವು ಆಕೆಯದು. ನನ್ನ ಪಾಡು ಕೇಳುವವರಿಲ್ಲ. ಆಟ ಶುರುವಾಗುವ ಮೊದಲೇ ನನ್ನ ಆಟ ಮುಗಿದಿರುತ್ತಿತ್ತು. ಮಣೆಯ ಪಕ್ಕದಲ್ಲಿ, ಕಾಫಿ ಲೋಟದ ಹತ್ತಿರ, ಒಬ್ಬನೇ ನಿಂತು ಅಣ್ಣಂದಿರ ಕಾಳಗ ನೋಡುವುದು ನನ್ನ ಹಣೆಬರಹ. ನನಗಿಂತ ಒಂಟಿ ಈ ಲೋಕದಲ್ಲಿ ಯಾರಿದ್ದಾರೆ ಎಂದು ಅಂದುಕೊಳ್ಳುತ್ತಿದ್ದೆ.

ರಂಗಧಾಮಯ್ಯ ಆ ಆಟ ಕಲಿತರು. ನಮ್ಮನ್ನು ಚೀಲದಲ್ಲಿ ಹಾಕಿಕೊಂಡು ಲಕ್ಕಣ್ಣನ ಕ್ಷೌರದ ಅಂಗಡಿಗೆ ಹೋಗತೊಡಗಿದರು. ಅಲ್ಲಿ ಕನ್ನಡಿಯ ಕೆಳಗಿನ ಬೆಂಚಿನ ಮೇಲೆ ಊರಿನ ಚದುರಂಗದವರೆಲ್ಲ ಸೇರುತ್ತಿದ್ದರು. ಲಕ್ಕಣ್ಣ ಒಂದು ಕೈಯಲ್ಲಿ ಕತ್ತರಿ ಹಿಡಿದು ಇನ್ನೊಂದು ಕೈಯಲ್ಲಿ ಕುದುರೆ ನಡೆಸುವವನು. ಅರ್ಧ ಕತ್ತರಿಸಿದ ತಲೆಗಳು ಎಷ್ಟೋ ಸಲ ಕಾದು ಕೂತಿದ್ದುಂಟು.

ಅಲ್ಲಿನವರು ನನ್ನನ್ನು ಹೊಡೆದು ಸುಮ್ಮನಾಗುತ್ತಿರಲಿಲ್ಲ. ಹೊಡೆದ ಕಾಲಾಳಿಗೆ ಇನ್ನೊಂದು ಕಾಲಾಳನ್ನು ಆಸರೆ ಕೊಟ್ಟು, ಗಳಿಸಿದ್ದನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದರು. ಹಾಗೆ ಹಿಡಿದವರಲ್ಲಿ ಅರ್ಧ ಜನ ಗೆದ್ದರು, ಅರ್ಧ ಜನ ಹಿಡಿದದ್ದೇ ಉರುಳಾಗಿ ಸೋತರು. ರಂಗಧಾಮಯ್ಯ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಒಂದೊಂದು ನಡೆಯನ್ನೂ ಹೇಳುವರು. ತುಂಗಮ್ಮ ಒಗ್ಗರಣೆ ಹಾಕುತ್ತಲೇ, "ಅಲ್ಲಿ ಒಂಟೆ ಯಾಕ್ರೀ ಹಿಂದಕ್ಕೆ ತಗೊಂಡ್ರಿ? ದಾನ ಕೊಟ್ಟ ಮೇಲೆ ಹಿಂದೆ ನೋಡ್ಬಾರ್ದು" ಎಂದು ತಪ್ಪು ತೋರಿಸುವಳು. ಅಂಗಡಿಯಲ್ಲಿ ಹೆಂಗಸರು ಕೂತು ಆಡುವ ಕಾಲವಲ್ಲ ಅದು. ಗಂಡನ ಬಾಯಿಂದಲೇ ಆಕೆ ಊರಿಗೆಲ್ಲ ಆಡಿದಳು.

ಒಂದು ದಿನ ಆಕೆ ಹೇಳಿದ ಮಾತು ಪೆಟ್ಟಿಗೆಯೊಳಗಿಂದ ನನಗೂ ಕೇಳಿಸಿತು. "ಒಂದ್ಸಲ ಜಿಲ್ಲೆ ಟೀಮಲ್ಲಿ ಆಡ್ರೀ. ನನ್ನ ಕೈಲಂತೂ ಆಗ್ಲಿಲ್ಲ."

ಅವರು ನಮ್ಮನ್ನು ಹೊತ್ತುಕೊಂಡು ಹಾಸನದ ಪಂದ್ಯಗಳಿಗೆ ಹೋಗಲು ಆರಂಭಿಸಿದರು. ಕಾಯಿಗಳನ್ನು ಆಟಗಾರರೇ ತರುವುದು ಅಲ್ಲಿನ ಪದ್ಧತಿ. ಅಲ್ಲಿ ನನ್ನ ಬೆಲೆ ಇನ್ನೂ ಇಳಿಯಿತು. ಓದಿ ಕಲಿತ ಆಟಗಾರರು ನನ್ನನ್ನು ಹೊಡೆಯುತ್ತಿದ್ದರು. ಆದರೆ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಸಮಯ ನೋಡಿ ಅವರೂ ಒಂದು ಕಾಲಾಳನ್ನು ತಿರುಗಿ ಕೊಟ್ಟುಬಿಡುತ್ತಿದ್ದರು. ಋಣ ಹರಿಯುತ್ತಿತ್ತು, ನಾನಿಲ್ಲದ ನಮ್ಮ ರಾಜನ ಬಾಗಿಲು ಮಾತ್ರ ತೆರೆದೇ ಉಳಿಯುತ್ತಿತ್ತು. ರಂಗಧಾಮಯ್ಯ ಕಪ್ಪು ಕಾಯಿಯಲ್ಲಿ ಗೆಲ್ಲುವರು, ಬಿಳಿಯಲ್ಲಿ ಸೋಲುವರು.

ತುಂಗಮ್ಮ ತೀರಿಕೊಂಡದ್ದು ಒಂದು ಮಾಘಮಾಸದಲ್ಲಿ. ಮೂರು ದಿನದ ಜ್ವರ, ಅಷ್ಟೇ. ಮಕ್ಕಳಿರಲಿಲ್ಲ. ಪೆಟ್ಟಿಗೆ ಒಂದು ವರ್ಷ ಮುಚ್ಚಿಯೇ ಇತ್ತು. ಆಮೇಲೆ ತೆರೆದಾಗ ರಂಗಧಾಮಯ್ಯನ ಎರಡು ಬೆರಳು ನನ್ನ ತಲೆಯ ಮೇಲೆ ಬಂದು ಕೂತವು, ಆ ಬೆರಳುಗಳು ಅವರ ಕಣ್ಣಿಗೆ ಹೋದವು. ಆಕೆ ಇರುವಾಗ ಅವರು ಹಾಗೆ ಮಾಡಿದವರಲ್ಲ.

ಅಂದಿನಿಂದ ಬಿಳಿ ಕಾಯಿ ಸಿಕ್ಕಾಗಲೆಲ್ಲ ದಾನದ ಆಟವನ್ನೇ ಆಡಿದರು. ಸೋತರೂ ಬಿಡಲಿಲ್ಲ. ಲಕ್ಕಣ್ಣನಿಗೆ ನೋಡಿ ನೋಡಿ ಸಾಕಾಯಿತು.

"ಸ್ವಾಮಿ, ಆ ಆಟ ನಮ್ಮಂಗ್ಡೀಲಿ ನಡೀತದೆ. ಹಾಸನದಲ್ಲಿ ನಡಿಯಲ್ಲ. ಅಲ್ಲಿನವ್ರು ಅದರ ಹೊಟ್ಟೆ ಬಗೆದು ಓದಿದಾರೆ."

"ಅವಳ ಆಟ ಸುಳ್ಳು ಅಂತೀಯಾ?"

"ಅಮ್ಮಾವ್ರ ಆಟ ಸುಳ್ಳು ಅಂತ ಯಾವೋನ್ ಅಂದ? ಎದುರಿಗೆ ಕೂತೋನು ಯಾರು ಅಂತ ನೋಡ್ಬೇಕು ಅಂದೆ."

ತುಂಗಮ್ಮ ಹೋಗಿ ಆರು ವರ್ಷ ಕಳೆದ ಮೇಲೆ, ರಂಗಧಾಮಯ್ಯನವರಿಗೆ ಐವತ್ತೇಳು ತುಂಬಿದಾಗ, ಆಕೆ ಬಯಸಿದ್ದು ಕೈಗೆಟುಕುವಷ್ಟು ಹತ್ತಿರ ಬಂತು. ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಪಂದ್ಯ. ಕೊನೆಯ ಸುತ್ತು ಗೆದ್ದರೆ ಜಿಲ್ಲಾ ತಂಡದಲ್ಲಿ ನಾಲ್ಕನೆಯ ಸ್ಥಾನ. ಸಮ ಮಾಡಿಕೊಂಡರೆ ಸಾಲದು, ಗೆಲ್ಲಲೇಬೇಕು. ಎದುರಾಳಿ ಸುಚರಿತಾ ಎಂಬ ಹತ್ತೊಂಬತ್ತು ವರ್ಷದ ಹುಡುಗಿ. ಜಿಲ್ಲೆಯಲ್ಲಿ ಅವಳನ್ನು ಸರಿಗಟ್ಟುವವರಿರಲಿಲ್ಲ. ಬಿಳಿ ನಮ್ಮದು.

ಲಕ್ಕಣ್ಣ ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದಿದ್ದ. ಊಟದ ಹೊತ್ತಿನಲ್ಲಿ ಅವರ ಕೈ ಹಿಡಿದುಕೊಂಡ. "ಆ ಹುಡ್ಗಿಗೆ ತಾಳ್ಮೆ ಕಮ್ಮಿ ಸ್ವಾಮಿ. ನಿಧಾನಕ್ಕೆ ಆಡಿದ್ರೆ ಎಡವ್ತಾಳೆ, ಎರಡು ಸಲ ನೋಡಿದೀನಿ. ಇವತ್ತೊಂದಿನ ಎರಡನೇ ನಡೆಗೆ ಕುದುರೆ ನಡೆಸಿ. ಅಮ್ಮಾವ್ರು ಟೀಮ್ ಕೇಳಿದ್ರು, ಕಾಲಾಳ್ ಕೇಳ್ಲಿಲ್ಲ."

ರಂಗಧಾಮಯ್ಯ, "ಆಗಲಿ ಕಣೋ, ಕುದುರೆನೇ ನಡೆಸ್ತೀನಿ" ಎಂದರು.

ನನಗೆ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಬದುಕೆಲ್ಲ ದಾನಕ್ಕೆ ನಿಂತವನಿಗೆ, ನೀನು ಬೇಡ ಎಂದಂತಾಯಿತು.

ಗಡಿಯಾರ ಒತ್ತಿದರು. ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದ. ಸುಚರಿತಾ ಅದೇ ರೀತಿ ನಡೆಸಿದಳು. ರಂಗಧಾಮಯ್ಯ ಕುದುರೆಯನ್ನೇ ನೋಡುತ್ತಿದ್ದರು. ಕಣ್ಣು ಕುದುರೆಯ ಮೇಲಿತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ಬಂದು ನನ್ನ ತಲೆ ಮುಟ್ಟಿ ಕಣ್ಣಿಗೆ ಹೋಯಿತು.

ಪಂದ್ಯದಲ್ಲಿ ಮುಟ್ಟಿದ ಕಾಯಿ ನಡೆಸಲೇಬೇಕು. ಕ್ಷೌರದ ಅಂಗಡಿಯಲ್ಲಿ ಅದನ್ನು ಕೇಳುವವರಿರಲಿಲ್ಲ. ಪಂದ್ಯಗಳಲ್ಲಿ ಮುಟ್ಟಿದ ಮೇಲೆ ನನ್ನನ್ನೇ ನಡೆಸುತ್ತಿದ್ದುದರಿಂದ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಅವರ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ಹಿಂದೆ ನಿಂತಿದ್ದ ಲಕ್ಕಣ್ಣ "ಅಯ್ಯೋ ಶಿವನೇ" ಎಂದದ್ದು ಕೇಳಿಸಿತು.

ಸುಚರಿತಾ ಅವರ ಮುಖ ನೋಡಿದಳು. "ಪರವಾಗಿಲ್ಲ ಸಾರ್. ನಮಸ್ಕಾರ ಮಾಡಿದ್ರಿ ಅಷ್ಟೇ ಅಲ್ವಾ? ನಿಮಗಿಷ್ಟ ಬಂದಿದ್ದು ನಡೆಸಿ. ನಾನು ಕೇಳಲ್ಲ."

"ನೀನು ಕೇಳದೆ ಇರ್ಬಹುದು ತಾಯಿ. ಮುಟ್ಟಿದ್ದು ನಾನಲ್ವಾ."

ಒಂದು ಮನೆ ಮಾತ್ರ ಸರಿಸಿ ನನ್ನನ್ನು ಉಳಿಸಿಕೊಳ್ಳಬಹುದಿತ್ತು. ಅವರು "ಕೃಷ್ಣಾರ್ಪಣ" ಎಂದು ಎರಡು ಮನೆ ನಡೆಸಿದರು.

ನಾನು ಹೊಡೆತಕ್ಕೆ ಸಿದ್ಧನಾದೆ. ಕಪ್ಪು ಕಾಲಾಳು ಬರಲಿಲ್ಲ. ಸುಚರಿತಾ ತಲೆಗೆ ಕೈಕೊಟ್ಟು ಯೋಚಿಸಿ, ನನ್ನನ್ನು ಇದ್ದಲ್ಲೇ ಬಿಟ್ಟು, ತನ್ನ ಒಂಟೆಯನ್ನು ಹೊರಗೆ ತೆಗೆದಳು. ಆಟದ ಆಳ ಬಲ್ಲವಳು ದಾನವನ್ನು ಮುಟ್ಟುವ ಗೋಜಿಗೇ ಹೋಗಲಿಲ್ಲ. ನಲವತ್ತಕ್ಕೆ ಹತ್ತಿರದ ನನ್ನ ಆಯುಸ್ಸಿನಲ್ಲಿ, ದಾನಕ್ಕಿಟ್ಟ ಮೇಲೂ ಮೂರನೆಯ ನಡೆಯನ್ನು ಮಣೆಯ ಮೇಲೆ ನಿಂತು ನೋಡಿದ್ದು ಅದೇ ಮೊದಲು.

ಆಟ ಮೂರೂವರೆ ಗಂಟೆ ನಡೆಯಿತು. ನನ್ನ ಎಡಬಲದ ಅಣ್ಣಂದಿರು ಒಬ್ಬೊಬ್ಬರಾಗಿ ಹೋದರು. ಕುದುರೆಗಳು, ಒಂಟೆಗಳು ಹೋದವು, ಮಂತ್ರಿಗಳು ಒಬ್ಬರನ್ನೊಬ್ಬರು ಹೊಡೆದುಕೊಂಡು ಹೋದರು, ಆನೆಗಳೂ ಹೋದವು. ಪಕ್ಕಕ್ಕೆ ತಿರುಗಿ ನೋಡಿದೆ. ನಾನು ಸದಾ ನಿಲ್ಲುತ್ತಿದ್ದ ಜಾಗದಲ್ಲಿ ಅವರೆಲ್ಲ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಕೊನೆಗೆ ಮಣೆಯ ಮೇಲೆ ಉಳಿದವರು ಮೂವರೇ. ನಮ್ಮ ರಾಜ, ಅವಳ ರಾಜ, ನಾನು.

ಒಂದೊಂದೇ ಹೆಜ್ಜೆ ನಡೆದು ಏಳನೆಯ ಮನೆ ಮುಟ್ಟಿದೆ. ಇನ್ನೊಂದು ಹೆಜ್ಜೆ ಇಟ್ಟರೆ ನಾನು ಮಂತ್ರಿ. ಆಟ ನಮ್ಮದು, ತಂಡದ ಜಾಗ ನಮ್ಮದು. ಆ ಒಂದು ಮನೆಯಲ್ಲಿ ಅವಳ ರಾಜ ನಿಂತಿದ್ದ.

ನಡೆಯಬೇಕಾದವರು ರಂಗಧಾಮಯ್ಯ. ಅವರ ರಾಜ ನನ್ನ ಬೆನ್ನ ಹಿಂದಿನ ಮನೆಗೆ ಬಂದರೆ ಎದುರಿನ ರಾಜನಿಗೆ ಕಾಲಿಡಲು ಜಾಗವಿಲ್ಲದೆ ಆಟ ಅಲ್ಲಿಗೇ ನಿಂತು ಸಮವಾಗುತ್ತದೆ. ಬೇರೆ ಕಡೆ ಹೋದರೆ ಅವಳ ರಾಜ ನನ್ನನ್ನು ಹೊಡೆಯುತ್ತಾನೆ, ಆಗಲೂ ಸಮ. ಗೆಲುವು ಯಾವ ದಾರಿಯಲ್ಲೂ ಇರಲಿಲ್ಲ. ಅದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಅವರು ಎಂಟು ನಿಮಿಷ ನನ್ನನ್ನೇ ನೋಡುತ್ತಾ ಕೂತರು. ಆಮೇಲೆ ರಾಜನನ್ನು ತಂದು ನನ್ನ ಹಿಂದೆ ನಿಲ್ಲಿಸಿದರು.

ಸುಚರಿತಾ ಕೈ ಚಾಚಿದಳು. "ಸಾರ್, ಈ ಕಾಲಾಳು ಕೊಡೋ ಆಟದಲ್ಲಿ ನನ್ನನ್ನ ಇಲ್ಲೀತನಕ ಯಾರೂ ತಡೆದಿರ್ಲಿಲ್ಲ. ಯಾರ ಹತ್ರ ಕಲಿತ್ರಿ?"

"ನನ್ನ ಹೆಂಡತಿ ಹತ್ರ ಕಣಮ್ಮ."

"ಅವರೂ ಬಂದಿದಾರಾ?"

ರಂಗಧಾಮಯ್ಯ ತಲೆಯಾಡಿಸಿದರು, ಇಲ್ಲ ಎನ್ನುವಂತೆ. ಲಕ್ಕಣ್ಣ ನಮ್ಮನ್ನು ಪೆಟ್ಟಿಗೆಗೆ ತುಂಬುತ್ತಾ, "ಅರ್ಧ ಪಾಯಿಂಟಲ್ಲಿ ಹೋಯ್ತಲ್ಲ ಸ್ವಾಮಿ, ಅರ್ಧ!" ಎಂದ. ಅವನ ಕೆನ್ನೆ ಒದ್ದೆಯಾಗಿತ್ತು.

ಊರಿಗೆ ಮರಳಿದ ರಂಗಧಾಮಯ್ಯ ಕೈಕಾಲು ತೊಳೆದು, ದೇವರ ದೀಪ ಹಚ್ಚಿ, ಅಡುಗೆಮನೆಯ ಹೊಸ್ತಿಲ ಮೇಲೆ ಚದುರಂಗದ ಮಣೆ ಹಾಸಿ ಕೂತರು. ಮೊದಲ ನಡೆಯಿಂದ ಕೊನೆಯ ನಡೆಯವರೆಗೆ ಒಂದೊಂದನ್ನೂ ಆಡಿ ತೋರಿಸುತ್ತಾ ಗಟ್ಟಿಯಾಗಿ ಹೇಳಿದರು. ಒಲೆ ಹಚ್ಚಿರಲಿಲ್ಲ. ಎಲ್ಲಿ ತಪ್ಪಿತೆಂದು ಹೇಳುವವರು ಇರಲಿಲ್ಲ. ಹೇಳಿ ಮುಗಿದ ಮೇಲೂ ಉತ್ತರಕ್ಕೆ ಕಾಯುವವರಂತೆ ಕೂತೇ ಇದ್ದರು.

ಮತ್ತೆ ಹದಿಮೂರು ವರ್ಷ ಬದುಕಿದ್ದರು. ತಂಡಕ್ಕೆ ಸೇರುವ ಅವಕಾಶ ಇನ್ನೊಮ್ಮೆ ಬರಲಿಲ್ಲ. ಅವರು ಹೋದ ಮೇಲೆ ಲಕ್ಕಣ್ಣ ನಮ್ಮನ್ನು ಊರಿನ ವಾಚನಾಲಯಕ್ಕೆ ಕೊಟ್ಟ. ಅಲ್ಲಿಗೆ ಪ್ಲಾಸ್ಟಿಕ್ಕಿನ ಸೆಟ್ಟುಗಳು ಬಂದವು. ನಮ್ಮಲ್ಲಿ ಕೆಲವರು ಕಳೆದುಹೋದರು, ಕೆಲವರಿಗೆ ಹುಳು ಹಿಡಿಯಿತು. ಹಳೆಯ ಪತ್ರಿಕೆಗಳ ಬೀರುವಿನ ಕೆಳಗಿನ ಅರೆಯಲ್ಲಿ ಈಗ ನಾನಿದ್ದೇನೆ. ಅರಗು ಸುಲಿದಿದೆ.

ಮೊದಲು ಹೋಗುವವನೇ ಒಂಟಿ ಎಂದು ಎಷ್ಟು ವರ್ಷ ಕೊರಗಿದೆ! ಹಾಗಲ್ಲ. ಮೊದಲು ಹೋದವನ ಪಕ್ಕಕ್ಕೆ ಹಿಂದಿನಿಂದ ಒಬ್ಬೊಬ್ಬರೇ ಬಂದು ಸೇರುತ್ತಾರೆ. ಅರವತ್ತನಾಲ್ಕು ಮನೆಯ ಬಯಲಿನಲ್ಲಿ ಕೊನೆಯವರೆಗೆ ಉಳಿದವನಿಗೆ ಯಾರೂ ಬರುವುದಿಲ್ಲ. ಮೂರೂವರೆ ಗಂಟೆಯಲ್ಲಿ ನಾನು ಕಲಿತ ಆ ಪಾಠವನ್ನು ರಂಗಧಾಮಯ್ಯ ಹತ್ತೊಂಬತ್ತು ವರ್ಷ ಓದಿದರು. ದೇವರು ಅವರನ್ನು ಈಗ ಮಣೆಯ ಪಕ್ಕಕ್ಕೆ ಎತ್ತಿಟ್ಟಿದ್ದಾನೆ. ಅಲ್ಲಿ ಆಕೆ ಮೊದಲೇ ನಿಂತಿದ್ದಾಳೆ. ಆಟ ಎಲ್ಲಿ ತಪ್ಪಿತೆಂದು ಇಷ್ಟು ಹೊತ್ತಿಗೆ ಹೇಳಿರುತ್ತಾಳೆ.