ಕಾರಹುಣ್ಣಿಮೆಯ ಲೆಕ್ಕ

ಒಂದು ಹೆರಿಗೆಗೆ ಸೂಲಗಿತ್ತಿಗೊಂದು ಸೀರೆ, ಒಂದು ಮೊರ ರಾಗಿ, ಎಲೆಯಡಿಕೆ. ಬಾಣಂತಿಗೆ ಬೆಲ್ಲ, ಮೆಣಸು, ಬೆಳ್ಳುಳ್ಳಿ. ನೀರು ಕಾಯಿಸಲು ಒಂದು ಗಾಡಿ ಸೌದೆ. ಯುದ್ಧ ಶುರುವಾಗಿ ಸೀರೆಯೂ ಸೀಮೆಎಣ್ಣೆಯೂ ಕೈಗೆಟುಕದಂತಾಗಿದ್ದ ಆ ವರ್ಷದಲ್ಲೂ ಮರಮ್ಮ ಇಷ್ಟನ್ನೂ ಶಿವರಾತ್ರಿಗೆ ಮುಂಚೆಯೇ ಹೊಂದಿಸಿಟ್ಟಿದ್ದಳು. ಹೆರಿಗೆ ಕೆಟ್ಟರೆ ಎಷ್ಟು ತೆರಬೇಕಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅವಳ ಮಗಳು ಮಂಟಮ್ಮ ದಿನ ತುಂಬಿದ ಮೇಲೂ ನೋವು ಬಾರದೆ ಕಾದಿದ್ದಳು. ಇಂದು ಬಂದೀತು, ನಾಳೆ ಬಂದೀತು ಎಂದು ಮನೆಯವರೂ ಕಾದರು. ಕೂಸು ಒಳಗೇ ಬಲಿತು, ಕೊನೆಗೆ ತಾಯಿಯೂ ಹೋದಳು, ಕೂಸೂ ಹೋಯಿತು. ಕಾದದ್ದಕ್ಕೆ ತೆತ್ತದ್ದು ಎರಡು ಜೀವ.

ಆದ್ದರಿಂದ ಸೊಸೆ ಚಿಕ್ಕಬಸಮ್ಮನ ವಿಷಯದಲ್ಲಿ ಮರಮ್ಮ ಒಂದು ದಿನವನ್ನೂ ಕೈತಪ್ಪಿ ಹೋಗಲು ಬಿಟ್ಟಿರಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. ಆದರೆ ಬಸಮ್ಮನ ತಾಯಿ ದೀಪಾವಳಿ ಹೊತ್ತಿಗೆ ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಚುಂಚನಕಟ್ಟೆಯ ಆ ಮನೆಯಲ್ಲಿ ಈಗ ಉಳಿದಿದ್ದವನು ಮದುವೆಯಾಗದ ಅಣ್ಣ ಒಬ್ಬನೇ. ಗಂಜಿ ಕಾಯಿಸಲು ಬಾರದವನ ಮನೆಗೆ ಬಸುರಿಯನ್ನು ಹೇಗೆ ಕಳಿಸುವುದು? "ನನ್ನ ಮಗಳ ಬಾಣಂತನವಂತೂ ನನ್ನ ಕೈಲಿ ಆಗ್ನಿಲ್ಲ, ಇವಳದಾರ ಆಗ್ಲಿ" ಎಂದು ಮರಮ್ಮ ಸೊಸೆಯನ್ನು ಇಲ್ಲೇ ಉಳಿಸಿಕೊಂಡಳು.

ಅವಳ ಎಣಿಕೆ ಹಬ್ಬಗಳ ಮೇಲೆ ನಿಂತಿತ್ತು. ಕಾರಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಬಳಿಯುವ ಹಿಂದಿನ ವಾರ ಬಸಮ್ಮ ಮುಟ್ಟಾಗಿ ಹೊರಗೆ ಕೂತಿದ್ದಳು. ಅದು ಕಳೆದು ಆಷಾಢ ಹುಟ್ಟುವ ಮುಂಚೆ ತವರಿಗೆ ಹೋದಳು. ಹೊಸದಾಗಿ ಮದುವೆಯಾದವರು ಆಷಾಢದಲ್ಲಿ ಒಂದೇ ಸೂರಿನಡಿ ಇರಬಾರದು, ಆ ತಿಂಗಳು ನಿಂತ ಬಸಿರು ಅತ್ತೆಯ ಆಯಸ್ಸು ತಿನ್ನುತ್ತದೆ ಎಂದು ಆ ಕಡೆಯ ನಂಬಿಕೆ. ಶ್ರಾವಣದಲ್ಲಿ ಮರಳಿ ಬಂದವಳು ಮತ್ತೆ ಹೊರಗೆ ಕೂರಲಿಲ್ಲ. ಅಂದಮೇಲೆ ಬಸಿರು ನಿಂತದ್ದು ಕಾರಹುಣ್ಣಿಮೆ ಆದಮೇಲೆ, ಆಷಾಢಕ್ಕೆ ಮುಂಚೆ. ಹೆರಿಗೆ ಯುಗಾದಿಗೆ. ಇದರಲ್ಲಿ ತಪ್ಪು ಹುಡುಕುವುದಕ್ಕೆ ಏನಿದೆ?

ಯುಗಾದಿ ಬಂತು, ಹೋಯಿತು. ಬೇವು ಬೆಲ್ಲ ತಿಂದು ವಾರವಾದರೂ ಬಸಮ್ಮ ಸರಾಗವಾಗಿ ಕೊಟ್ಟಿಗೆ ಗುಡಿಸುತ್ತಿದ್ದಳು. ಮರಮ್ಮ ಅವಳ ಹೊಟ್ಟೆಯನ್ನು ನೋಡಿದಳು. ಇಳಿದಿರಲಿಲ್ಲ.

"ಏನಾರ ನೋವು ಗೀವು ಕಾಣ್ತದಾ ಮಗ?"

"ಇಲ್ಲ ಅತ್ತೆ."

"ಸೊಂಟ?"

"ಇಲ್ಲ." ಬಸಮ್ಮ ಪೊರಕೆ ಹಿಡಿದು ಒಂದು ಗಳಿಗೆ ನಿಂತಳು. "ಅತ್ತೆ, ಇನ್ನೂ ಒಸಿ ದಿನ ಐತೇನೋ..."

"ಮಂಟಿನೂ ಅಂಗೇ ಅಂದಿದ್ಲು ಕಣವ್ವ."

ಬಸಮ್ಮ ಬಗ್ಗಿ ಮತ್ತೆ ಗುಡಿಸತೊಡಗಿದಳು. ಆ ಹೆಸರು ಬಂದರೆ ಆ ಮನೆಯಲ್ಲಿ ಯಾರೂ ಮುಂದೆ ಮಾತಾಡುತ್ತಿರಲಿಲ್ಲ.

ಮಾರನೆಯ ದಿನ ಮಗ ಚಿಕ್ಕಮಾದುವಿನಿಂದ ಗಾಡಿ ಕಟ್ಟಿಸಿ ಮರಮ್ಮ ಸೊಸೆಯನ್ನು ಹುಣಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಬಸಮ್ಮನನ್ನು ಮಲಗಿಸಿ, ಹೊಟ್ಟೆ ಮುಟ್ಟಿ, ಒಳಗೂ ನೋಡಿ, ಕೈ ತೊಳೆದುಕೊಂಡು ಬಂದು ಕೂತಳು.

"ಮಗು ಇನ್ನೂ ಚಿಕ್ಕದಾಗಿದೆಯಮ್ಮ. ಗರ್ಭದ ಬಾಯಿ ಗಟ್ಟಿಯಾಗಿದೆ. ದಿನ ತುಂಬಿದ ಹಾಗೆ ಕಾಣೋದಿಲ್ಲ."

"ತುಂಬಿ ವಾರ ಆಯ್ತು ಕಣ್ರವ್ವ. ನೀವೇ ನೋವು ಬರಿಸ್ಬುಡಿ. ಆಸ್ಪತ್ರೇಲಿ ಬರಿಸ್ತಾರಂತಲ್ಲ."

"ಬರಿಸ್ತೀವಿ, ಬೇಕಾದಾಗ." ಡಾಕ್ಟರಮ್ಮನಿಗೆ ಸಹನೆಯಿತ್ತು. "ಮೊದಲು ಹರಳೆಣ್ಣೆ ಕುಡಿಸಿ, ಬಿಸಿನೀರಿನ ಎನಿಮಾ ಕೊಡ್ತೀವಿ. ಅದರಲ್ಲಿ ಆಗದಿದ್ದರೆ ಸೂಜಿಮದ್ದು. ಬಾಯಿ ಮೆತ್ತಗಾಗಿದ್ದರೆ ಒಂದು ಹಗಲಲ್ಲಿ ಮುಗಿಯುತ್ತೆ. ಆಗದೇ ಇದ್ದರೆ ನೋವು ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ, ತಾಯಿ ಸೋತುಹೋಗ್ತಾಳೆ. ನಡುವೆ ನೀರು ಒಡೆದುಬಿಟ್ಟರೆ ಮತ್ತೆ ಹಿಂದಕ್ಕೆ ದಾರಿಯಿಲ್ಲ. ನಂಜು ಏರುತ್ತೆ. ಎಳೆಗಾಯಿ ಕಿತ್ತು ಹಣ್ಣು ಮಾಡೋಕಾಗುತ್ತಾ? ನಿಮ್ಮ ದಿನದ ಲೆಕ್ಕ ಸರಿಯಿದೆ ತಾನೆ?"

"ನನ್ನ ಲೆಕ್ಕ ತಪ್ಪಾಕಿಲ್ಲ."

ಡಾಕ್ಟರಮ್ಮ ಬಸಮ್ಮನ ಕಡೆ ತಿರುಗಿದಳು. "ನೀನು ಹೇಳಮ್ಮ. ಕೊನೇ ಸಲ ಮುಟ್ಟಾದದ್ದು ಯಾವಾಗ?"

ಬಸಮ್ಮ ಮೊದಲು ಅತ್ತೆಯನ್ನು ನೋಡಿದಳು. ಆಮೇಲೆ ಕಿಟಕಿಯಾಚೆ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ ಗಂಡನನ್ನು ನೋಡಿದಳು. ಕಾಲಿನ ಉಂಗುರ ನೋಡಿಕೊಳ್ಳುತ್ತ, "ಅತ್ತೆ ಹೇಳಿದ್ದೇಯ" ಎಂದಳು.

"ಹಾಗಿದ್ದರೂ ಎರಡು ವಾರ ಕಾಯಿರಿ. ಕೂಸಿನ ಮಿಸುಕಾಟ ಕಮ್ಮಿಯಾದರೆ, ರಕ್ತ ಕಂಡರೆ, ತಕ್ಷಣ ಬನ್ನಿ."

ಕಾಯಿರಿ ಎಂಬ ಒಂದೇ ಮಾತು ಮರಮ್ಮನ ಕಿವಿಗೆ ಬಿದ್ದದ್ದು. ಹೊಳೆ ದಾಟಿ ಏರು ಹತ್ತುವಾಗ ಚಿಕ್ಕಮಾದು ಎತ್ತಿನ ಬಾಲ ಮುಟ್ಟುತ್ತ, "ಅವ್ವ, ಓದಿದೋರು ಹೇಳ್ತಾವ್ರೆ, ಕಾಯಾನ ಬುಡು" ಎಂದ.

"ನೀನು ಎಷ್ಟು ಹೆತ್ತಿದ್ದೀಯಾ ಲೇ ಮಾದು?"

ಅವನು ಎತ್ತುಗಳನ್ನು ಮುಂದಕ್ಕೆ ಹೊಡೆದ.

ಮರಮ್ಮ ಮನೆಗೆ ಬಂದವಳೇ ಸೂಲಗಿತ್ತಿ ಚಿಕ್ಕಸಿದ್ದಮ್ಮನನ್ನು ಕರೆಸಿದಳು. ಚಿಕ್ಕಸಿದ್ದಮ್ಮನ ಕೈಗೆ ಆ ಸುತ್ತಿನ ಅರ್ಧ ಊರು ಹುಟ್ಟಿಬಿದ್ದಿತ್ತು, ಅವಳ ಬಾಯಿಗೆ ಇಡೀ ಊರು ಬಿದ್ದಿತ್ತು.

"ಏನ್ ಮರಕ್ಕ, ನಿನ್ನ ಮೊಮ್ಮಗ ಒಳಗೇ ಮದುವೆ ಮಾಡ್ಕೊಂಡು ಸಂಸಾರ ಹೂಡವ್ನಾ?" ಎನ್ನುತ್ತಲೇ ಒಳಗೆ ಬಂದು ಬಸಮ್ಮನ ಹೊಟ್ಟೆಗೆ ಎಣ್ಣೆ ಹಚ್ಚಿ ನೀವಿದಳು. ನೀವುತ್ತಾ ನೀವುತ್ತಾ ಅವಳ ನಗೆ ಇಳಿಯಿತು. "ಮ್ಯಾಲೇ ಐತಲ್ಲ ಅಕ್ಕ, ಇಳಿದಿಲ್ಲ. ದಿನ ಸರಿಯಾಗಿ ಎಣಿಸಿದ್ದೀಯಾ?"

"ಮಂಟಿಗೂ ನೀನೇ ಬಂದಿದ್ದೆ. ಇನ್ನೆಲ್ಡು ದಿನ ತಡಿ ಅಂದಿದ್ದು ಯಾರು?"

ಚಿಕ್ಕಸಿದ್ದಮ್ಮ ತಲೆ ತಗ್ಗಿಸಿದಳು. ಆಮೇಲೆ ಹರಳೆಣ್ಣೆ ಕೇಳಿದಳು.

ಬೆಳಿಗ್ಗೆ ಬಿಸಿ ಕಾಫಿಗೆ ಎಣ್ಣೆ ಬೆರೆಸಿ ಕುಡಿಸಿದರು. ಬಸಮ್ಮ ಮೂಗು ಹಿಡಿದು ಕುಡಿದಳು, ಕಣ್ಣಲ್ಲಿ ನೀರಾಡಿತು. ಮಧ್ಯಾಹ್ನಕ್ಕೆ ಹೊಟ್ಟೆ ಹರಿದುಕೊಂಡು ಹೋಗಿ, ಹಿತ್ತಲಿಗೂ ಒಳಕ್ಕೂ ಓಡಾಡಿ ಕಾಲು ಸೋತವು. ಸಂಜೆಯ ಹೊತ್ತಿಗೆ ಸೊಂಟದಿಂದ ನೋವು ಸುತ್ತಿಕೊಂಡು ಬಂತು. ಮರಮ್ಮನ ಮುಖ ಅರಳಿತು. ಮೆಣಸು ಜೀರಿಗೆ ಕಷಾಯ ಕಾಯಿಸಿದಳು, ಸೊಸೆಯನ್ನು ಕಂಬ ಹಿಡಿಸಿ ನಡೆಸಿದಳು, ಬೆನ್ನು ಒತ್ತಿದಳು. "ಇನ್ನೇನು ಬಂತು ಕಣವ್ವ, ಒಸಿ ತಡ್ಕೊ" ಎಂದಳು. ಬೆಳಗಾಗುವಷ್ಟರಲ್ಲಿ ನೋವು ನಿಂತುಹೋಯಿತು. ಬಸಮ್ಮ ಗೋಡೆಗೆ ಒರಗಿ ಬಾಯಿ ತೆರೆದುಕೊಂಡು ನಿದ್ದೆ ಹೋದಳು.

"ಇಲ್ಲಿಗೇ ಬುಡು ಅಕ್ಕ" ಎಂದಳು ಚಿಕ್ಕಸಿದ್ದಮ್ಮ. "ಕೂಸಿಗೆ ಬರಾಕೆ ಮನಸಿಲ್ಲ."

"ಅರ್ಧಕ್ಕೆ ಬುಟ್ರೆ ಒಳಗೇ ಉಸಿರುಕಟ್ಟಿ ಹೋಗ್ತದೆ. ನೀರು ಒಡಿ."

ಚಿಕ್ಕಮಾದು ಬಾಗಿಲಲ್ಲಿ ನಿಂತಿದ್ದ. ಗಂಡಸರು ನಿಲ್ಲುವ ಜಾಗವಲ್ಲ ಅದು. "ಅವ್ವಾ" ಎಂದ. ಮರಮ್ಮ ತಿರುಗಿ ನೋಡಿದಳು. ಅವನ ತುಟಿ ಅಲುಗಿತು. ಏನೋ ಹೇಳಲು ಬಂದವನ ಮುಖ ಅದು. ಮರಮ್ಮ ಕೇಳಬಹುದಿತ್ತು. ಆದರೆ, "ಓಗ್ಲಾ, ಸೌದೆ ಒಡಿ ಓಗು" ಎಂದಳು. ಅವನು ಹೋದ. ಹಿತ್ತಲಲ್ಲಿ ಕೊಡಲಿಯ ಸದ್ದು ಬಿಡದೆ ಕೇಳುತ್ತಿತ್ತು.

ಚಿಕ್ಕಸಿದ್ದಮ್ಮ ಉಗುರಿನಿಂದ ನೀರು ಒಡೆದಳು. ನೋವು ಮತ್ತೆ ಬಂತು. ಈ ಸಲ ಬಂದದ್ದು ನಿಲ್ಲಲೂ ಇಲ್ಲ, ಮುಂದಕ್ಕೆ ಹೋಗಲೂ ಇಲ್ಲ. ಆ ಹಗಲು ಕಳೆಯಿತು, ಮಾರನೆಯ ಹಗಲೂ ಬಂತು. ಬಸಮ್ಮನ ಮೈ ಕೆಂಡವಾಯಿತು. ಅವಳು ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ, ಸತ್ತ ತಾಯಿಯನ್ನು ಮಾತ್ರ ಕರೆಯುತ್ತಿದ್ದಳು. "ಅವ್ವಾ, ನೀನಾರ ಹೇಳು. ನಾನು ಹೊರಗೆ ಕೂತಿದ್ನಲ್ಲ, ನೀನೇ ಚಾಪೆ ಹಾಸ್ಕೊಟ್ಟಿದ್ದೆಯಲ್ಲ, ನೀನಾರ ಹೇಳವ್ವಾ."

ಜ್ವರದ ಮಾತು ಎಂದು ಮರಮ್ಮ ಹಣೆಗೆ ಒದ್ದೆ ಬಟ್ಟೆ ಹಾಕಿದಳು.

ಚಿಕ್ಕಸಿದ್ದಮ್ಮನೇ ಎದ್ದು ಹೋಗಿ ಚಿಕ್ಕಮಾದುವಿಗೆ ಗಾಡಿ ಕಟ್ಟೆಂದಳು. ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ ಹಾಸಿ ಬಸಮ್ಮನನ್ನು ಮಲಗಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದವಳೇ ಬಸಮ್ಮನನ್ನು ಒಳಕ್ಕೆ ಎತ್ತಿಸಿಕೊಂಡು ಹೋದಳು. ಬೈದಿದ್ದರೆ ಮರಮ್ಮನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಹೊತ್ತು ಇಳಿಯುವ ಮುಂಚೆ ಇಕ್ಕಳ ಹಾಕಿ ಕೂಸನ್ನು ತೆಗೆದರು. ಗಂಡು. ಅತ್ತಿತು, ಆದರೆ ಬೆಕ್ಕಿನ ಮರಿಯ ಹಾಗೆ.

ಮರಿಗಳ ಹಾಗೆ ಅಳುವ ಕೂಸುಗಳನ್ನು ಮರಮ್ಮ ಕಂಡಿದ್ದಳು. ನರ್ಸು ಬಟ್ಟೆಯಲ್ಲಿ ಸುತ್ತಿ ಅದನ್ನು ಅವಳ ಮಡಿಲಿಗೆ ಕೊಟ್ಟಾಗ ಅವಳು ಬಟ್ಟೆ ಸರಿಸಿ ನೋಡಿದಳು. ಹೆಗಲ ಮೇಲೆ, ಬೆನ್ನ ಮೇಲೆ ತೆಳ್ಳನೆಯ ನವಿರು ಕೂದಲು. ಕಿವಿ ಮಡಿಸಿದರೆ ಮಡಿಸಿದ ಹಾಗೇ ಇತ್ತು, ಎಲೆಯಂತೆ. ಬೆರಳ ಉಗುರು ತುದಿ ಮುಟ್ಟಿರಲಿಲ್ಲ. ದಿನ ಮೀರಿದ ಕೂಸಿನ ಉಗುರು ಬೆಳೆದು ಕೆನ್ನೆ ಗೀರಿಕೊಂಡಿರುತ್ತದೆ, ಚರ್ಮ ಸುಲಿಯುತ್ತಿರುತ್ತದೆ. ಮಂಟಮ್ಮನ ಕೂಸು ಹಾಗಿತ್ತು. ಇದು ಹಾಗಿರಲಿಲ್ಲ.

ಅವಳು ಬಹಳ ಹೊತ್ತು ಆ ಉಗುರುಗಳನ್ನೇ ನೋಡಿದಳು. ಸೊಸೆ ಜ್ವರದಲ್ಲಿ ಆಡಿದ ಮಾತು ನೆನಪಾಯಿತು. ತಾಯಿ ಚಾಪೆ ಹಾಸಿಕೊಟ್ಟಳೆಂದರೆ ಹೊರಗೆ ಕೂತದ್ದು ತವರಲ್ಲಿ, ಆಷಾಢದಲ್ಲಿ. ಎದ್ದು, ಕೂಸನ್ನು ಸೆರಗಲ್ಲಿ ಮುಚ್ಚಿಕೊಂಡು, ಅಂಗಳದಲ್ಲಿ ನೊಗಕ್ಕೆ ಒರಗಿ ಕೂತಿದ್ದ ಮಗನ ಬಳಿಗೆ ಹೋದಳು.

"ಲೇ ಮಾದು, ಇದು ದಿನ ತುಂಬಿದ ಕೂಸಲ್ಲ."

ಅವನು ತಲೆ ಎತ್ತಲಿಲ್ಲ.

"ಆಷಾಢದಾಗೆ ಗಾಡಿ ಚಕ್ರ ರಿಪೇರಿ ಮಾಡಿಸ್ತೀನಿ ಅಂತ ಹುಣಸೂರಿಗೆ ಓದೆಯಲ್ಲ. ಮಾರನೇ ದಿನ ಬಂದೆ. ಓಗಿದ್ದೆಲ್ಲಿಗೆ?"

"ಚುಂಚನಕಟ್ಟೆಗೆ ಕಣವ್ವ." ಅವನು ಎದ್ದು ನಿಂತ. "ಆ ತಿಂಗಳೂ ಅವಳು ಹೊರಗೆ ಕೂತಿದ್ಲು. ಆಮೇಲೆ ನಾನು ಓದೆ. ನಿಂಗೆ ಗೊತ್ತಾದ್ರೆ... ನಿನ್ನ ಆಯಸ್ಸಿಗೆ ಮುಳುವು ಅಂತ ನೀನೇ ಹೇಳಿದ್ದೆ. ಅವಳೂ ನಿಂಗೆ ಹೇಳ್ಬೇಡ ಅಂದ್ಲು. ನೀನು ಎದೆ ಒಡ್ಕೊಂಡು ಸತ್ತೋಗ್ತೀಯಾ ಅಂತ."

"ನಾನು ಸಾಯ್ತಿದ್ನಾ? ಬಾಯಿಬುಟ್ಟು ಒಂದು ಮಾತು ಅಂದಿದ್ರೆ ನಾನು ಬಯ್ತಿದ್ದೆ ಕಣ್ಲಾ. ಅಷ್ಟೇಯ. ಬಯ್ತಿದ್ದೆ."

"ಅವತ್ತು ಬಾಗ್ಲಲ್ಲಿ ಹೇಳಾಕೇ ಬಂದಿದ್ದೆ, ಅವ್ವ."

ಮರಮ್ಮನಿಗೆ ಗೊತ್ತಿತ್ತು. ಸೌದೆ ಒಡೆಯಲು ಅಟ್ಟಿದವಳು ತಾನೇ.

ಕೂಸು ಮೊಲೆ ಹಿಡಿಯಲಿಲ್ಲ. ಹತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡಿದರು, ಬಿಸಿ ನೀರಿನ ಬಾಟಲಿ ಪಕ್ಕಕ್ಕಿಟ್ಟರು, ಡಾಕ್ಟರಮ್ಮ ಮತ್ತೆ ಮತ್ತೆ ಬಂದು ನೋಡಿದಳು. ಉಸಿರು ಎಳೆದಾಗಲೆಲ್ಲ ಅದರ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಮಾರನೆಯ ಮಧ್ಯಾಹ್ನ ಮರಮ್ಮನ ತೊಡೆಯ ಮೇಲೇ ಆ ಉಸಿರು ನಿಂತಿತು. ಅವಳಿಗೆ ಮೊದಲು ಗೊತ್ತಾದದ್ದು ಪಾದ ತಣ್ಣಗಾದಾಗ.

ಬಸಮ್ಮನಿಗೆ ತಿಳಿಸಿದ್ದೂ ಅವಳೇ. ಬಸಮ್ಮ ಗೋಡೆಯ ಕಡೆಗೆ ಹೊರಳಿದಳು. ಅತ್ತೆಯನ್ನು ಬೈಯಲಿಲ್ಲ, ಗಂಡನನ್ನೂ ಬೈಯಲಿಲ್ಲ. "ನಾನೇ ಹೇಳ್ಬೇಕಿತ್ತು" ಎಂದಳು.

"ಹೇಳಾಕೆ ಬಂದೋರ ಬಾಯಿ ಮುಚ್ಚಿಸ್ದೋಳು ನಾನು ಕಣವ್ವ" ಎಂದು ಮರಮ್ಮ ಅವಳ ತಲೆ ನೇವರಿಸಿದಳು. ಬಸಮ್ಮ ಆ ಕೈಯನ್ನು ತಳ್ಳಲಿಲ್ಲ, ಹಿಡಿಯಲೂ ಇಲ್ಲ.

ಹೊಳೆಯ ಈಚೆ ದಡದಲ್ಲಿ ಕೂಸನ್ನು ಮಣ್ಣು ಮಾಡಿದರು. ಹೆಸರಿಟ್ಟಿರಲಿಲ್ಲ. ಬಸಮ್ಮನ ಜ್ವರ ಇಳಿಯಲು ಒಂದು ತಿಂಗಳು ಹಿಡಿಯಿತು. ಅವಳು ಬದುಕಿದಳು. ಒಳಗಿನ ನಂಜು ಆರುವಾಗ ಗರ್ಭದ ದಾರಿ ಮುಚ್ಚಿಹೋಯಿತೆಂದು ಡಾಕ್ಟರಮ್ಮ ಹೇಳಿದ್ದಳು, ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ. ಮರಮ್ಮನ ಆಯಸ್ಸು ಗಟ್ಟಿಯಾಗಿತ್ತು. ಮೊಮ್ಮಗ ಇರಲಿಲ್ಲ.