ಅಣ್ಣನ ಕಾಲು

ವಾರ್ಡಿನ ಬಾಗಿಲಲ್ಲಿ ಕ್ಲಿಫ್ಟನ್ ಕಂಡದ್ದೇ ತಡ, ಮಂಚದಲ್ಲಿದ್ದ ಡಾಫ್ನಿ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು. ಅವನೂ ಕೆಂಡ ತುಳಿದವನ ಹಾಗೆ ಹಿಂದೆ ಸರಿದು ಹೊರಗೆ ಹೋಗಿ ಬೆನ್ನು ಹಾಕಿ ನಿಂತ.

"ಏನಾಯ್ತು? ಇವರ ವಾರ್ಲ್ಪಿರಿ ಭಾಷೆ ಬರುತ್ತೆ ಅಂತ ತಾನೆ ದುಭಾಷಿಯಾಗಿ ನಿಮ್ಮನ್ನ ಕರೆಸಿದ್ದು?" ಎಂದಳು ಡಾಕ್ಟರ್ ಹಾಲಿಸ್. ಬಿಳಿಯ ಹುಡುಗಿ, ಮೂಲನಿವಾಸಿಗಳೇ ಹೆಚ್ಚು ಬರುವ ಆ ಆಸ್ಪತ್ರೆಗೆ ಹೊಸಬಳು.

"ಬರುತ್ತೆ ಮೇಡಂ. ಆದ್ರೆ ಸಂಬಂಧದಲ್ಲಿ ಅವ್ರು ನಂಗೆ ಅತ್ತೆ ಆಗ್ಬೇಕು. ನಮ್ಮಲ್ಲಿ ಅಳಿಯ ಆದೋನು ಅತ್ತೆ ಮುಖ ನೋಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ."

"ನಾಳೆ ಬೆಳಿಗ್ಗೆ ಅವರ ಕಾಲು ತೆಗೀಬೇಕು. ಒಪ್ಪಿಗೆ ಬೇಕಲ್ಲ?"

ಆ ಇಂಗ್ಲಿಷಿನಲ್ಲಿ ಡಾಫ್ನಿಗೆ ತಿಳಿದದ್ದು ಕಾಲು ಎಂಬ ಒಂದೇ ಮಾತು. ಸಕ್ಕರೆ ಕಾಯಿಲೆಗೆ ಎಡಗಾಲಿನ ಬೆರಳುಗಳು ಕಪ್ಪಾಗಿದ್ದವು, ಅದರ ನಾತ ಅವಳ ಮೂಗಿಗೂ ಬಡಿಯುತ್ತಿತ್ತು. ಆದರೆ ಈ ಜನವನ್ನು ನಂಬುವುದು ಹೇಗೆ? ಎರಡು ವರ್ಷದ ಹಿಂದೆ ಅವಳ ಅಣ್ಣ ಬೆರಳಿನ ಗಾಯಕ್ಕೆಂದು ಇಲ್ಲಿಗೇ ಬಂದಿದ್ದ. ಎದುರು ನಿಂತವರಿಗೆ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅವರು ತೊಲಗಿದರೆ ಸಾಕು ಎಂದು ಕೇಳಿದ್ದಕ್ಕೆಲ್ಲ ತಲೆಯಾಡಿಸಿದ್ದ. ಊರಿಗೆ ಬಂದಾಗ ಮಂಡಿಯ ಕೆಳಗೆ ಏನೂ ಇರಲಿಲ್ಲ. ಕಾಲೆಲ್ಲಿ ಎಂದರೆ ಯಾರೂ ಬಾಯಿ ಬಿಡಲಿಲ್ಲ. ಮುಂದಿನ ಚಳಿಗಾಲಕ್ಕೆ ಅವನೂ ಹೋದ. ಅರ್ಧ ಮನುಷ್ಯನನ್ನು ಮಣ್ಣು ಮಾಡಿದ ಸಂಕಟ ಅವಳಿಗೆ ಇನ್ನೂ ಇಳಿದಿರಲಿಲ್ಲ. ಉಳಿದರ್ಧ ಊರು ಹುಡುಕಿಕೊಂಡು ಎಲ್ಲೋ ಅಲೆಯುತ್ತಿದೆ.

ಈಗ ಅಳಿಯನನ್ನೇ ಹುಡುಕಿ ಕಳಿಸಿದ್ದಾರೆ. ಬೇಕೆಂದೇ. ಮುದುಕಿ ಸುಮ್ಮನಿದ್ದಳು, ಒಪ್ಪಿದಳು ಎಂದು ಬರೆದುಕೊಳ್ಳುವುದಕ್ಕೆ.

ಡಾಕ್ಟರ್ ಇನ್ನೇನೋ ಹೇಳಿದಳು. ಕ್ಲಿಫ್ಟನ್ ಹೊರಗಿನಿಂದಲೇ, ಪಕ್ಕದ ಮಂಚದಲ್ಲಿದ್ದ ಪರ್ಲಿಯನ್ನು ಕೂಗಿದ. ಅವಳು ಅವನ ತಾಯಿಯ ತಂಗಿ, ಕಿಡ್ನಿ ಕೆಟ್ಟು ರಕ್ತ ಶುದ್ಧಿ ಮಾಡಿಸಿಕೊಳ್ಳಲು ಬಂದವಳು.

"ಚಿಕ್ಕಮ್ಮಾ, ನಿನ್ ಪಕ್ಕದೋರು ಮಾತಾಡ್ದೆ ಇದ್ರೆ, ಅವ್ರಿಗೆ ಯೋಚ್ನೆ ಮಾಡೋ ಬುದ್ಧಿ ಇಲ್ಲ ಅಂತ ಬರ್ಕೊಂಡು ಡಾಕ್ಟ್ರೇ ತೀರ್ಮಾನ ಮಾಡ್ತಾರಂತೆ."

ಪರ್ಲಿ ಗಹಗಹಿಸಿ ನಕ್ಕಳು. "ಬೀಗಿತ್ತೀ, ಕೇಳಿಸ್ತೇನೇ? ನಿಂಗೆ ಬುದ್ಧಿ ಇಲ್ವಂತೆ! ನಂಗೆ ಮೊದಲಿಂದ್ಲೂ ಅನುಮಾನ ಇತ್ತು."

"ಇಲ್ದೇ ಇರೋದಕ್ಕೇ ನಿನ್ ಮಗ್ಗುಲಲ್ಲಿ ಬಿದ್ದಿರೋದು," ಡಾಫ್ನಿ ಹೊದಿಕೆಯೊಳಗಿಂದಲೇ ಗುರುಗುಟ್ಟಿದಳು. "ಕೇಳು ಅವಳನ್ನ. ನಮ್ಮಣ್ಣನ ಕಾಲೆಲ್ಲಿ?"

ಪ್ರಶ್ನೆ ಪರ್ಲಿಯಿಂದ ಕ್ಲಿಫ್ಟನ್‌ಗೆ, ಅವನಿಂದ ಡಾಕ್ಟರಿಗೆ ಹೋಯಿತು. ಈಗ ಬರುತ್ತದೆ ಸುಳ್ಳು ಎಂದುಕೊಂಡಳು ಡಾಫ್ನಿ.

ಕುರ್ಚಿ ಎಳೆದ ಸದ್ದಾಯಿತು. ಡಾಕ್ಟರ್ ಕೂತು ಮಾತಾಡಿದಳು.

"ಚಿಕ್ಕಮ್ಮಾ... ಸುಟ್ಟುಬಿಡ್ತಾರಂತೆ. ಆಸ್ಪತ್ರೆ ಕಸದ ಜೊತೆ. ಬೇಕು ಅಂತ ಕೇಳಿದ್ರೆ ವಾಪಸ್ ಕೊಡ್ತಾರಂತೆ. ಕೇಳ್ಬಹುದು ಅಂತ ಮಾತ್ರ ಯಾರಿಗೂ ಹೇಳಲ್ವಂತೆ."

ಹೊದಿಕೆಯೊಳಗೆ ಡಾಫ್ನಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು. ಪರ್ಲಿ ನಗೆ ನಿಲ್ಲಿಸಿದ್ದಳು.

"ನಿಜ ಹೇಳಿದ್ಲು ಬೀಗಿತ್ತಿ."

"ಇನ್ನೇನು ಕಿತ್ಕೊಳ್ಳೋಕೆ ಹೇಳಿದ್ಲೋ. ಕಾಲು ತೆಗೀದಿದ್ರೆ ಏನಾಗುತ್ತೆ, ಕೇಳು."

ಉತ್ತರ ಬಂತು: ವಿಷ ಮೇಲೇರುತ್ತದೆ, ಹತ್ತು ದಿನ ಬದುಕಿದರೆ ಹೆಚ್ಚು.

"ಹಾಗಾದ್ರೆ ಮೊದಲು ಅವಳು ಬರೀಲಿ, ನನ್ನ ಕಾಲು ನನ್ನ ಕೈಗೆ ಅಂತ. ಅವಳ ಸಹಿ ಮೊದಲು. ನಂದು ಆಮೇಲೆ."

ಡಾಕ್ಟರ್ ಬರೆದಳು, ಸಹಿ ಹಾಕಿದಳು. ಕ್ಲಿಫ್ಟನ್ ಅದನ್ನು ಹೊರಗಿನಿಂದಲೇ ಚಿಕ್ಕಮ್ಮನಿಗೆ ತಮ್ಮ ಭಾಷೆಯಲ್ಲಿ ಮೂರು ಸಲ ಓದಿ ಹೇಳಬೇಕಾಯಿತು. ಎಲ್ಲಾದರೂ ಮಾತು ಬದಲಾಗುತ್ತದೇನೋ ಎಂದು ಡಾಫ್ನಿ ಕಿವಿಗೊಟ್ಟು ಕೇಳಿದಳು. ಅವನ ಹೆಜ್ಜೆ ಸದ್ದು ದೂರವಾದ ಮೇಲೆ ಎದ್ದು ಕೂತು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದಳು. ಡಾಕ್ಟರ ಚೀಟಿಯನ್ನು ಮಡಚಿ ಅಂಗಿಯೊಳಗೆ ಸೇರಿಸಿದಳು.

"ನಂಬಿದ್ಯಾ?" ಪರ್ಲಿ ಕೇಳಿದಳು.

"ಇಲ್ಲ."

ಆಮೇಲೆ ನರ್ಸಿಗೆ ಸನ್ನೆ ಮಾಡಿ ಬೋಗುಣಿಯಲ್ಲಿ ಬಿಸಿನೀರು ತರಿಸಿಕೊಂಡಳು. ಎಡಗಾಲಿನ ಹಿಮ್ಮಡಿಯ ಬಿರುಕಿನಲ್ಲಿ ಊರಿನ ಕೆಂಪು ಮಣ್ಣು ಇನ್ನೂ ಇತ್ತು. ಕಾಲಿಗೆ ಊರಿನ ಗುರುತಿರಲಿ ಎಂದು ಅದನ್ನು ಹಾಗೇ ಬಿಟ್ಟು, ಕಪ್ಪಾದ ಬೆರಳುಗಳ ಸಂದನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸತೊಡಗಿದಳು. ಬಲಗಾಲನ್ನು ಮುಟ್ಟಲಿಲ್ಲ.